ಅಂಗಳ ದಾಟಿದ ಹಾವುಮೀನು

ನನ್ನ ತಾಯಿಯ ತವರುಮನೆಯಿದ್ದುದು ಪುಷ್ಪಗಿರಿಯ ತಪ್ಪಲಲ್ಲಿ, ಕುಮಾರಧಾರೆಯನ್ನು ಕೂಡಿಕೊಳ್ಳುವ ಅನೇಕ ಹೊಳೆಗಳಲ್ಲಿ ಒಂದರ ದಂಡೆಯ ಮೇಲೆ. ಬೇಸಗೆಯಲ್ಲಿ ಹುಡುಗರು ಪಾದ ನೆನೆಯದಂತೆ ಕಲ್ಲಿನಿಂದ ಕಲ್ಲಿಗೆ ಹಾರಿ ದಾಟಬಹುದಾಗಿದ್ದ ಆ ಹೊಳೆ, ಆಟಿ ತಿಂಗಳು ಬಂತೆಂದರೆ ಆಚೆ ದಡದ ಮನೆಯವರನ್ನು ತಿಂಗಳುಗಟ್ಟಲೆ ನಮ್ಮಿಂದ ಅಗಲಿಸಿಬಿಡುತ್ತಿತ್ತು. 1953ನೆಯ ಇಸವಿ, ದಕ್ಷಿಣ ಕನ್ನಡ ಜಿಲ್ಲೆ ಆಗಿನ್ನೂ ಮದರಾಸಿಗೆ ಸೇರಿತ್ತು, ಶಾಲೆ ಹತ್ತಿರವೆಂಬ ಕಾರಣದಿಂದ ನನ್ನನ್ನು ಅಜ್ಜನ ಮನೆಯಲ್ಲಿ ಬಿಟ್ಟಿದ್ದರು, ನನಗೆ ಒಂಬತ್ತು ವರುಷ.

ಆ ಮಳೆಗಾಲದ ಒಂದು ರಾತ್ರಿ, ಹಗಲಿಡೀ ಸುರಿದ ಮಳೆ ದಣಿವಾರಿಸಿಕೊಳ್ಳುವಂತೆ ಕ್ಷಣಕಾಲ ನಿಂತಿದ್ದಾಗ, ನಾಯಿ ಒಂದೇ ಸಮನೆ ಬೊಗಳತೊಡಗಿತು. ಮನೆಯ ಆಳು ಲಾಟೀನು ಹಿಡಿದು ಹೊರಬಂದ. ಅವನ ಹಿಂದೆ ಅಜ್ಜ, ಅಜ್ಜನ ಹಿಂದೆ ನಾನು. ತುಳಸೀಕಟ್ಟೆಯ ಮಗ್ಗುಲಲ್ಲಿ, ಅಂಗಳದ ನೀರು ತೆಳ್ಳಗೆ ಹರಿಯುತ್ತಿದ್ದ ಜಾಗದಲ್ಲಿ, ನನ್ನ ತೋಳಿಗಿಂತ ದಪ್ಪವಾದ, ಎರಡೂವರೆ ಮೊಳ ಉದ್ದದ ಪ್ರಾಣಿಯೊಂದು ಲಾಟೀನಿನ ಬೆಳಕಿಗೆ ಮಿರುಗುತ್ತ, ಯಾವ ಅವಸರವೂ ಇಲ್ಲದೆ, ಯಾವ ಅನುಮಾನವೂ ಇಲ್ಲದೆ, ಇಳಿಜಾರಿನ ಕಡೆಗೆ ಸರಿಯುತ್ತಿತ್ತು. ಆಳು ದೊಣ್ಣೆಯೆತ್ತಿದವನು ಎತ್ತಿದಂತೆಯೇ ನಿಂತ. ಸುಬ್ರಹ್ಮಣ್ಯ ಸ್ವಾಮಿಯ ಸೀಮೆಯಲ್ಲಿ ಹುಟ್ಟಿಬೆಳೆದವನು ಹಾವಿನ ಮೇಲೆ ಕೈಯೆತ್ತುವ ಮೊದಲು ಏಳು ತಲೆಮಾರನ್ನು ನೆನೆಯುತ್ತಾನೆ. ಬಾಗಿಲಲ್ಲಿ ನಿಂತ ಅಜ್ಜಿ ಆಗಲೇ ದೇವರಿಗೆ ಹರಕೆ ಹೊತ್ತಾಗಿತ್ತು.

"ಬಿಡು, ಬಿಡು," ಎಂದರು ಅಜ್ಜ. "ಹಾವಲ್ಲ ಅದು. ನಮ್ಮ ಮದಕದ ಹಾವುಮೀನು. ಹೊರಟಿದೆ, ಹೋಗಲಿ."

"ಎಲ್ಲಿಗೆ ಅಜ್ಜ?"

"ಕಡಲಿಗೆ."

"ಹೊಳೆ ಬಿಟ್ಟು ಕಡಲಿಗೆ ಯಾಕೆ?"

"ಅದರ ತವರು ಅಲ್ಲಿ ಮಾರಾಯ. ಹೆರಿಗೆಗೆ ತವರಿಗೆ ಹೋಗುವುದು ಬೇಡವಾ?"

ಆ ಮೀನನ್ನು ತೋಟದ ಮೇಲ್ಬದಿಯ ಮದಕದಲ್ಲಿ ಬಿಟ್ಟವರು ಅಜ್ಜನೇ. ನಾನು ಹುಟ್ಟುವುದಕ್ಕೂ ಮುಂಚೆ, ಗದ್ದೆಯ ನೀರು ಬೀಳುವಲ್ಲಿ ಒಡ್ಡಿದ್ದ ಬಿದಿರ ಕೂಳಿಗೆ ಬೆರಳು ದಪ್ಪದ ಮರಿಯಾಗಿ ಬಿದ್ದಿದ್ದ ಅದನ್ನು, ತಿನ್ನುವಷ್ಟು ದೊಡ್ಡದಲ್ಲವೆಂದೋ ಮದಕ ಚೊಕ್ಕಟವಾಗಿರಲೆಂದೋ, ಅಲ್ಲಿ ಒಯ್ದು ಬಿಟ್ಟಿದ್ದರಂತೆ. ಹತ್ತಕ್ಕೂ ಮಿಕ್ಕಿ ವರುಷ ಅದು ಅಲ್ಲಿಯೇ, ಕಲ್ಲುಪೊಟರೆಯಲ್ಲಿ, ಕಪ್ಪೆ ಏಡಿಗಳನ್ನು ತಿನ್ನುತ್ತ, ಹಗಲು ಯಾರ ಕಣ್ಣಿಗೂ ಬೀಳದೆ ಬಾಳಿತು. ಆ ರಾತ್ರಿ ಅದು ಅಡಕೆ ತೋಟದ ಕಣಿ ಸೇರಿ ಹೊಳೆಗೆ ಇಳಿದುಹೋದುದನ್ನು ನಾವು ಮೂವರೂ ಲಾಟೀನು ಎತ್ತಿಹಿಡಿದು ನೋಡಿದೆವು. ಮದುಮಗಳ ದಿಬ್ಬಣವನ್ನು ಊರಗಡಿಯವರೆಗೆ ಬೀಳ್ಕೊಡುವಂತಿತ್ತು ಅಜ್ಜನ ನಿಲುವು.

ಅಜ್ಜ ಓದಿದವರಲ್ಲ. ಹರೆಯದಲ್ಲಿ ಅಡಕೆಯ ಗಾಡಿಗಳೊಡನೆ ಬಂಟವಾಳಕ್ಕೆ ಹೋಗಿ, ಅಲ್ಲಿಂದ ದೋಣಿಯಲ್ಲಿ ಮಂಗಳೂರು ಬಂದರಕ್ಕೆ ಇಳಿದು, ದೋಣಿಯವರ ಬಾಯಿಂದ ನೂರೆಂಟು ಮಾತು ಕೇಳಿಬಂದಿದ್ದರು. ಅವುಗಳಲ್ಲಿ ಇದೂ ಒಂದು. ಮುಂದೆ ನಾನು ಮಂಗಳೂರಿನಲ್ಲಿ ಕಾಲೇಜು ಸೇರಿ, ಪ್ರಾಣಿಶಾಸ್ತ್ರವನ್ನು ಐಚ್ಛಿಕವಾಗಿ ಆರಿಸಿಕೊಂಡು, ಪುಸ್ತಕಗಳ ಮಧ್ಯೆ ತಲೆಹುದುಗಿಸಿದಾಗ, ಆ ಅನಕ್ಷರ ದೋಣಿಗಾರರ ಮಾತು ಅಕ್ಷರಶಃ ಸತ್ಯವೆಂಬುದನ್ನು ಕಂಡು ವಿಸ್ಮಯಪಟ್ಟೆ. ಅನೇಕ ವಲಸೆಯ ಮೀನುಗಳು ಕಡಲಲ್ಲಿ ಬೆಳೆದು ಮೊಟ್ಟೆಯಿಡಲು ನದಿಯನ್ನೇರುತ್ತವೆ. ಹಾವುಮೀನಿನದು ಅದಕ್ಕೆ ತೀರ ವಿಲೋಮವಾದ ಬಾಳು. ಅದು ಕಡಲಿನಲ್ಲಿ ಹುಟ್ಟಿ, ಎಲೆಯಂತೆ ಚಪ್ಪಟೆಯಾದ ಪಾರದರ್ಶಕ ಮರಿಯಾಗಿ ಪ್ರವಾಹಗಳಲ್ಲಿ ತೇಲಿ, ಕರೆ ಸೇರುವ ವೇಳೆಗೆ ಗಾಜಿನ ಕಡ್ಡಿಯಂತಾಗಿ, ಅಳಿವೆಯಲ್ಲಿ ಬಣ್ಣ ತಳೆದು, ಒದ್ದೆ ಬಂಡೆಯನ್ನೂ ಹಾವಸೆಯ ಗೋಡೆಯನ್ನೂ ಹೊಟ್ಟೆಯೂರಿ ಏರಿಕೊಂಡು, ಘಟ್ಟದ ತಪ್ಪಲಿನವರೆಗೂ ಬರುತ್ತದೆ. ಅನೇಕ ವರುಷ ಸಿಹಿನೀರಿನಲ್ಲಿ ಬೆಳೆದು ಪ್ರಬುದ್ಧವಾದಮೇಲೆ, ಕಣ್ಣುಗಳು ಹಿಗ್ಗಿ, ಜಠರ ಕುಗ್ಗಿ, ಆಹಾರವನ್ನು ತ್ಯಜಿಸಿ, ಒಂದು ನೆರೆಯ ಇರುಳು ಸಾಗರಾಭಿಮುಖವಾಗಿ ಹೊರಟುಬಿಡುತ್ತದೆ. ಅಲ್ಲಿ ಒಂದೇ ಒಂದು ಸಲ ಮೊಟ್ಟೆಯಿಟ್ಟು ಸಾಯುತ್ತದೆ. ವಾನಪ್ರಸ್ಥವೂ ಬಾಣಂತನವೂ ಒಂದೇ ಯಾತ್ರೆಯಲ್ಲಿ ಮುಗಿಯುವ ಇಂತಹ ಜೀವಿತವನ್ನು ನಮ್ಮ ಪುರಾಣಕಾರರು ಕಾಣದೆ ಹೋದುದು ಹೇಗೋ ನಾನರಿಯೆ.

ಯುರೋಪಿನ ಪಂಡಿತರು ಈ ಒಗಟಿನ ಹಿಂದೆ ಬಿದ್ದ ಕಥೆ ದೊಡ್ಡದು. ಹಾವುಮೀನು ಕೆಸರಿನಿಂದ ತಾನಾಗಿ ಹುಟ್ಟುತ್ತದೆಂದು ಅರಿಸ್ಟಾಟಲನು ಬರೆದಿಟ್ಟ. ಮನಸ್ಸಿನ ಒಳಹೊಕ್ಕು ನೋಡಿದವನೆಂದು ಮುಂದೆ ಪ್ರಖ್ಯಾತನಾದ ಸಿಗ್ಮಂಡ್ ಫ್ರಾಯ್ಡ್, ಇನ್ನೂ ವಿದ್ಯಾರ್ಥಿಯಾಗಿದ್ದ 1876ರಲ್ಲಿ, ಟ್ರಿಯೆಸ್ಟ್ ನಗರದಲ್ಲಿ ಕುಳಿತು ಸುಮಾರು ನಾನೂರು ಹಾವುಮೀನುಗಳನ್ನು ಕೊಯ್ದು ಅವುಗಳ ವೃಷಣಗಳನ್ನು ಹುಡುಕಿದ. ಡೆನ್ಮಾರ್ಕಿನ ಯೋಹಾನೆಸ್ ಸ್ಮಿತ್ 1904ರಿಂದ ಮೊದಲ್ಗೊಂಡು ವರ್ಷಾನುವರ್ಷ ಅಟ್ಲಾಂಟಿಕ್ ಸಾಗರವನ್ನು ಜಾಲಾಡಿ, ಮರಿಗಳು ಎಲ್ಲಿ ಅತ್ಯಂತ ಚಿಕ್ಕವಾಗುತ್ತವೆಯೋ ಅದೇ ಜನ್ಮಸ್ಥಾನವೆಂಬ ತರ್ಕದಿಂದ, ಸರ್ಗಾಸೊ ಸಮುದ್ರವನ್ನು 1922ರಲ್ಲಿ ಬೊಟ್ಟುಮಾಡಿ ತೋರಿಸಿದ. ಅಷ್ಟಾದರೂ ಆ ಸಮುದ್ರದಲ್ಲಿ ಹಾವುಮೀನು ಮೊಟ್ಟೆಯಿಡುವುದನ್ನು ಇಂದಿಗೂ ಯಾರೂ ಕಣ್ಣಾರೆ ಕಂಡಿಲ್ಲ. ಜಪಾನಿನ ಹಾವುಮೀನಿನ ಮೊಟ್ಟೆ ಪೆಸಿಫಿಕ್ಕಿನ ಮೇರಿಯಾನ ದ್ವೀಪಗಳ ಬಳಿ ದೊರೆತದ್ದು 2009ರಲ್ಲಿ. ನಮ್ಮ ಮದಕದಿಂದ ಹೊರಟ ಮಚ್ಚೆಯ ಹಾವುಮೀನಿಗೆ ಹಿಂದೂ ಮಹಾಸಾಗರವೇ ತವರೆಂಬುದು ಗೊತ್ತು. ತವರಿನ ಬಾಗಿಲು ಯಾವುದೆಂದು ಹುಡುಕಿಕೊಂಡು ಹೋದ ಸ್ಮಿತ್ ಮಾತ್ರ ನಮ್ಮಲ್ಲಿ ಹುಟ್ಟಲಿಲ್ಲ.

ಇನ್ನು ನಮ್ಮೂರಿನ ಹೊಳೆಯ ಮಾತು. ಮಿಥುನ ಸಂಕ್ರಮಣದ ಆಸುಪಾಸಿನಲ್ಲಿ ಮೊದಲ ಕೆಂಪುನೀರು ಬಂದೊಡನೆ, ಮೀನು ಪ್ರವಾಹಕ್ಕೆ ಎದುರಾಗಿ ಏರತೊಡಗುತ್ತಿತ್ತು. ಘಟ್ಟದ ಮೇಲಿನವರು ಇದನ್ನು ಹತ್ತುಮೀನು ಎನ್ನುತ್ತಾರೆ. ನಮ್ಮಲ್ಲಿ ಉಬರ್ ಎಂದು ಹೆಸರು. ಸೂಟೆಯ ಬೆಳಕಿನಲ್ಲಿ ಕತ್ತಿ ಹಿಡಿದು, ಗದ್ದೆಯ ಬದುವಿನಲ್ಲಿ ಮೀನು ಕಡಿಯಲು ಹೋಗುವುದು ಊರಿಗೆ ಊರೇ ಕೂಡಿ ಮಾಡುತ್ತಿದ್ದ ಹಬ್ಬ. ಗರ್ಭಿಣಿಯರಾದ ಮೀನುಗಳನ್ನೇ ಆರಿಸಿ ಕಡಿಯುವ ಹಬ್ಬವದು ಎಂದು ಇಂದು ನೆನೆದರೆ ನಾಚಿಕೆಯಾಗುತ್ತದೆ. ಅಂದು ಬಾಯಲ್ಲಿ ನೀರೂರುತ್ತಿತ್ತು. ಎರಡೂ ಸತ್ಯ. ಆದರೂ ಕತ್ತಿಗೆ ಸಿಕ್ಕುವುದು ನೂರರಲ್ಲಿ ನಾಲ್ಕಾರು, ಉಳಿದವು ದಾಟಿಹೋಗುತ್ತಿದ್ದುವು ಎಂಬುದನ್ನೂ ಹೇಳದಿದ್ದರೆ ಹಿರಿಯರಿಗೆ ಅನ್ಯಾಯವಾದೀತು. ಕಾಕಮಾರಿಯ ಕಾಯಿ ಅರೆದು ಮಡುವಿಗೆ ಹಾಕುವವರೂ ಇದ್ದರು. ಬಳಿಕ ಅಡಕೆಗೆ ಸಿಂಪಡಿಸಲು ತಂದ ಮೈಲುತುತ್ತು ಅದರ ಸ್ಥಾನಕ್ಕೆ ಬಂತು. ರಸ್ತೆ ಕೆಲಸದವರಿಂದ ತೋಟೆ ಬಂತು. ಈ ಪಾಪ ಹೊಸದೇನೂ ಅಲ್ಲ. ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಎಚ್. ಎಸ್. ಥಾಮಸ್ ಎಂಬಾತ, ಜಿಲ್ಲೆಯ ಹೊಳೆಗಳಿಗೆ ವಿಷ ಹಾಕುವುದನ್ನೂ ಮರಿಮೀನುಗಳನ್ನು ಸೂರೆಗೊಳ್ಳುವುದನ್ನೂ ಕುರಿತು 1870ರಷ್ಟು ಹಿಂದೆಯೇ ಸರಕಾರಕ್ಕೆ ದೀರ್ಘವಾದ ವರದಿಯನ್ನೊಪ್ಪಿಸಿದ್ದನು. ಗಾಳದ ಬೇಟೆಯನ್ನು ಕುರಿತ ಅವನ ಗ್ರಂಥ 1873ರಲ್ಲಿ ನಮ್ಮ ಮಂಗಳೂರಿನಲ್ಲಿಯೇ ಅಚ್ಚಾಯಿತು. ತೋಟೆ ಮತ್ತು ವಿಷಗಳನ್ನು ನಿಷೇಧಿಸಿದ ಭಾರತೀಯ ಮೀನುಗಾರಿಕೆಯ ಕಾಯಿದೆ ಬಂದದ್ದು 1897ರಲ್ಲಿ. ಕಾಯಿದೆಗೆ ನೂರಿಪ್ಪತ್ತು ವರುಷ ಮಿಕ್ಕಿತು. ತೋಟೆಯ ಸದ್ದು ನಾನು ಹೋದ ವರುಷವೂ ಕೇಳಿದ್ದೇನೆ.

ಆದರೆ ವಿಷಕ್ಕಿಂತಲೂ ತೋಟೆಗಿಂತಲೂ ಮೆತ್ತಗೆ ಕೊಲ್ಲುವ ವಸ್ತುವೊಂದನ್ನು ನಮ್ಮ ಹೊಳೆಗೆ ತಂದವರಲ್ಲಿ ನಾನೂ ಒಬ್ಬ. ಆ ಪ್ರಸಂಗವನ್ನು ಹೇಳದೆ ಈ ಬರಹಕ್ಕೆ ನ್ಯಾಯವಿಲ್ಲ.

ಸುಗ್ಗಿ ಮತ್ತು ಕೊಳಕೆಯ ಬೆಳೆಗಳಿಗೆ ನೀರು ತಿರುಗಿಸಲು, ಪ್ರತಿವರ್ಷ ದಶಂಬರದ ಹೊತ್ತಿಗೆ, ಹೊಳೆಗೆ ಅಡ್ಡಲಾಗಿ ಕಟ್ಟ ಕಟ್ಟುವುದು ನಮ್ಮ ಕಡೆಯ ಸಂಪ್ರದಾಯ. ಗೂಟ ನೆಟ್ಟು, ಕಲ್ಲು ಪೇರಿಸಿ, ಸೊಪ್ಪು ತುರುಕಿ, ಜೇಡಿಮಣ್ಣು ಮೆತ್ತಿ, ಮನೆಗೊಂದಾಳಿನಂತೆ ಎಂಟು ದಿನ ದುಡಿದು ಎಬ್ಬಿಸಿದ ಆ ಗೋಡೆಯನ್ನು ಜೂನಿನ ಮೊದಲ ನೆರೆ ಒಂದೇ ಗಳಿಗೆಯಲ್ಲಿ ಕೊಚ್ಚಿಕೊಂಡು ಹೋಗುತ್ತಿತ್ತು. ಏನು ವ್ಯರ್ಥ ಶ್ರಮ, ಎಂತಹ ಅವೈಜ್ಞಾನಿಕ ಪದ್ಧತಿ ಎಂದು, ಆಗ ಹೈಸ್ಕೂಲಿನಲ್ಲಿ ವಿಜ್ಞಾನದ ಅಧ್ಯಾಪಕನಾಗಿದ್ದ ನನಗೆ ಅನಿಸುತ್ತಿತ್ತು. ಎಪ್ಪತ್ತರ ದಶಕದಲ್ಲಿ ಊರವರು ಕಾಂಕ್ರೀಟಿನ ಕಿಂಡಿ ಅಣೆಕಟ್ಟಿಗಾಗಿ ಸರಕಾರಕ್ಕೆ ಮನವಿ ಸಲ್ಲಿಸಲು ನಿಶ್ಚಯಿಸಿದಾಗ, ಅಕ್ಷರ ದುಂಡಗಿದೆಯೆಂದು ಅದನ್ನು ಬರೆಯುವ ಕೆಲಸ ನನಗೇ ಬಂತು. ನಾಲ್ಕು ಪುಟದ ಆ ಮನವಿಯ ನಕಲು ಇನ್ನೂ ನನ್ನಲ್ಲಿದೆ. ಎಕರೆಯ ಲೆಕ್ಕವಿದೆ, ಭತ್ತದ ಲೆಕ್ಕವಿದೆ, ಬಾವಿಗಳ ಒರತೆಯ ವಿಚಾರವಿದೆ. ಮೀನು ಎಂಬ ಎರಡಕ್ಷರ ಎಲ್ಲಿಯೂ ಇಲ್ಲ. ಪ್ರಾಣಿಶಾಸ್ತ್ರ ಓದಿದವನು ಬರೆದ ಮನವಿಯದು. ಅಜ್ಜ ಆಗ ಇರಲಿಲ್ಲ.

ಅಣೆಕಟ್ಟಿನಿಂದ ಒಳಿತಾಗಲಿಲ್ಲವೆಂದು ನಾನು ಹೇಳಲಾರೆ. ಬಾವಿಗಳಲ್ಲಿ ನೀರು ನಿಂತಿತು, ತೋಟಗಳು ಹಸಿರಾದುವು. ಮಳೆಗಾಲದಲ್ಲಿ ಹಲಗೆಗಳನ್ನು ತೆಗೆದಿಡುತ್ತಾರೆ, ಕಿಂಡಿಗಳಲ್ಲಿ ನೀರು ಸರಾಗವಾಗಿ ಹೋಗುತ್ತದೆ, ಮೀನಿಗೆ ತಡೆಯೆಲ್ಲಿ ಎಂದು ಕೇಳುವವರಿದ್ದಾರೆ. ನೀರು ಹೋಗುವುದೇನೋ ದಿಟ. ಕಂಬಗಳ ನಡುವೆ ಸಿಕ್ಕಿಕೊಂಡ ಪ್ರವಾಹ ಬಾಣದಂತೆ ಹೊರಡುತ್ತದೆ. ಕೆಳಬದಿಯಲ್ಲಿ ಕಾಂಕ್ರೀಟಿನ ಹಾಸು ಮುಗಿದಲ್ಲಿ ನೆಲ ಕೊರೆದುಹೋಗಿ ಎದೆಮಟ್ಟದ ಕುಸಿತವುಂಟಾಗಿದೆ. ಬಲಿಷ್ಠವಾದ ಮೀನೊಂದು ಒಮ್ಮೆ ನೆಗೆದೀತು. ಬೆರಳುದ್ದದ ಹಾವುಮೀನಿನ ಮರಿಗೆ ನೆಗೆತವೆಂಬುದೇ ಇಲ್ಲ. ಅದು ತೆವಳಿ ಏರಬೇಕಾದುದು, ಏರಲು ಒರಟಾದ ಒದ್ದೆಯ ಅಂಚು ಬೇಕು. ಮಣ್ಣು ಸೊಪ್ಪಿನ ಹಳೆಯ ಕಟ್ಟದಲ್ಲಿ ಅಂಥ ಅಂಚು ಅಡಿಗಡಿಗೂ ಇತ್ತು, ಮೇಲಾಗಿ ಮೀನೇರುವ ಹೊತ್ತಿಗೆ ಸರಿಯಾಗಿ ಕಟ್ಟವೇ ಕೊಚ್ಚಿಹೋಗಿರುತ್ತಿತ್ತು. ವರ್ಷವರ್ಷ ವ್ಯರ್ಥವಾಗುತ್ತಿದ್ದ ಆ ಶ್ರಮವೇ ಹೊಳೆಗೆ ನಾವು ಕೊಡುತ್ತಿದ್ದ ದಾರಿಸುಂಕವಾಗಿತ್ತೆಂದು ತಿಳಿಯಲು ನನಗೆ ಇಪ್ಪತ್ತು ವರುಷ ಬೇಕಾಯಿತು. ತಿಳಿದದ್ದಾದರೂ ನನ್ನ ಬುದ್ಧಿಯಿಂದಲ್ಲ. ನಮ್ಮ ಹೊಳೆಯಲ್ಲಿ ಗಾಳ ಹಾಕುತ್ತಿದ್ದ ಮುದುಕರೊಬ್ಬರು ಒಂದು ದಿನ ಜಗಲಿಯಲ್ಲಿ ಎಲೆಯಡಕೆ ಹಾಕುತ್ತ, "ಮಾಷ್ಟ್ರೇ, ಅಣೆಕಟ್ಟಿನಿಂದ ಮೇಲೆ ಈಗ ಇರುವುದೆಲ್ಲ ಮುದಿ ಹಾವುಮೀನೇ, ಮರಿ ಕಂಡವರಿಲ್ಲ," ಎಂದರು. ಮಕ್ಕಳಿಲ್ಲದ ಊರಿನ ಮಾತು ಕೇಳಿದಂತಾಯಿತು.

ಇದು ನಮ್ಮೊಂದು ಹೊಳೆಯ ಕಥೆಯೇ? ನೇತ್ರಾವತಿಯ ಉದ್ದ ನೂರು ಕಿಲೋಮೀಟರನ್ನು ಕೊಂಚ ಮೀರೀತು, ಅಷ್ಟೆ. ಆ ಪುಟ್ಟ ನದಿಯ ಮೈಮೇಲೆ ಮಂಗಳೂರಿನ ಬಾಯಾರಿಕೆಗಾಗಿ ತುಂಬೆಯಲ್ಲಿ ಅಣೆಕಟ್ಟಿದೆ, ಮೇಲೆ ವಿದ್ಯುತ್ತಿಗಾಗಿ ಕಟ್ಟಿದವಿವೆ, ಉಪನದಿಗಳಲ್ಲಿ ಕಿಂಡಿ ಅಣೆಕಟ್ಟುಗಳಿವೆ. ಏರುವ ಮರಿಗೆ ಗೋಡೆ ತಡೆಯಾದರೆ, ಇಳಿಯುವ ತಾಯಿಗೆ ವಿದ್ಯುದಾಗಾರದ ಚಕ್ರ ತಡೆ. ಮೈ ಉದ್ದವಾದಷ್ಟೂ ಅಲಗಿಗೆ ಸಿಕ್ಕುವ ಸಂಭವ ಹೆಚ್ಚು. ಕಾವೇರಿಯಲ್ಲಿ 1934ರ ಮೆಟ್ಟೂರು ಅಣೆಕಟ್ಟಿನ ತರುವಾಯ ಹಿಲ್ಸಾ ಮೀನು ಮೇಲೇರದಾಯಿತು. ಗಂಗೆಯಲ್ಲಿ ಅಲಹಾಬಾದಿನವರೆಗೂ ಬರುತ್ತಿದ್ದ ಅದೇ ಮೀನು 1975ರ ಫರಕ್ಕಾ ಬಂಧದ ಬಳಿಕ ಬಂಗಾಳದಾಚೆಗೆ ಅಪರೂಪವಾಯಿತು. ಬಂಗಾಳಿಗಳಿಗೆ ಹಿಲ್ಸಾ ಎಂದರೆ ಪ್ರಾಣ. ಅದಕ್ಕಾಗಿ ಅಳಲು ಕವಿಗಳಿದ್ದಾರೆ. ಹಾವಿನಂಥ ನಮ್ಮ ಮೀನಿಗೆ ಅಳುವವರು ಯಾರು?

ಅಳುವವರಿರುವ ಮೀನೊಂದು ನಮ್ಮಲ್ಲಿಯೂ ಇದೆ. ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ, ಕಪಿಲಾ ಹೊಳೆಯ ದಂಡೆಯ ಶಿಶಿಲೇಶ್ವರನ ಸನ್ನಿಧಿಯಲ್ಲಿ, ಪೆರುವೋಳು ಎಂದು ತುಳುವರು ಕರೆಯುವ ಮಹಶೀರ್ ಮೀನುಗಳು ಮೊಳದುದ್ದ ಬೆಳೆದು, ಭಕ್ತರ ಕೈಯಿಂದ ಅಕ್ಕಿಯನ್ನೂ ಪುರಿಯನ್ನೂ ತಿನ್ನುತ್ತ, ನಿರ್ಭಯವಾಗಿ ಗುಂಪುಗೂಡಿ ಈಜುವುದನ್ನು ನೋಡುವುದು ಒಂದು ಭಾಗ್ಯ. ಶೃಂಗೇರಿಯ ತುಂಗೆಯಲ್ಲಿಯೂ ರಾಮನಾಥಪುರದ ಕಾವೇರಿಯಲ್ಲಿಯೂ ಇಂತಹ ದೇವರ ಮೀನುಗಳಿವೆ. 1996ರಲ್ಲಿ ಯಾರೋ ದುರುಳರು ಶಿಶಿಲದ ಹೊಳೆಗೆ ವಿಷವಿಕ್ಕಿದರು. ಸಾವಿರಾರು ಮೀನು ಸತ್ತು ತೇಲಿದುವು. ನಾನು ಆ ಸುದ್ದಿ ಕೇಳಿ ಹೋದಾಗ, ಹೆಂಗಸರು ಮನೆಯವರು ಸತ್ತಂತೆ ಹೊಳೆಯ ಮೆಟ್ಟಿಲುಗಳ ಮೇಲೆ ಕುಳಿತಿದ್ದರು. ಊರವರು ಆ ಮೀನುಗಳಿಗೆ ಸ್ಮಾರಕ ನಿಲ್ಲಿಸಿದರು, ಕಾವಲಿಟ್ಟರು, ಮೀನು ಮತ್ತೆ ತುಂಬಿಕೊಂಡಿತು. ಯಾವ ಇಲಾಖೆಯ ಅಭಯಾರಣ್ಯಕ್ಕೂ ನಾನು ಇಷ್ಟು ಅಂಕ ಕೊಡಲಾರೆ. ಆದರೂ ಆ ಮೆಟ್ಟಿಲುಗಳ ಮೇಲೆ ಕುಳಿತಾಗಲೆಲ್ಲ ನನಗೊಂದು ಕಳವಳ: ನಮ್ಮ ಭಕ್ತಿ ಮಡುವನ್ನು ಕಾಯುತ್ತದೆ, ಮಡುವಿನಿಂದ ಮಡುವಿಗಿರುವ ದಾರಿಯನ್ನು ಕಾಯುವುದಿಲ್ಲ. ಮಹಶೀರ್ ಸಹ ಮಳೆಗಾಲದಲ್ಲಿ ಮೇಲಕ್ಕೇರಿ ಜಲ್ಲಿಗಲ್ಲಿನ ನಡುವೆ ಮೊಟ್ಟೆಯಿಡುವ ಮೀನು. ಸನ್ನಿಧಿಯ ಎಲ್ಲೆ ದಾಟಿದ ಕ್ಷಣವೇ ಅದು ದೇವರ ಮೀನಾಗಿ ಉಳಿಯದೆ ಬರಿಯ ಮೀನಾಗುತ್ತದೆ.

ಸದುದ್ದೇಶವೊಂದೇ ಸಾಲದೆಂಬುದಕ್ಕೆ ಕಾವೇರಿಯಲ್ಲಿ ಬೇರೆ ನಿದರ್ಶನವಿದೆ. ಮಹಶೀರ್ ಕ್ಷೀಣಿಸುತ್ತಿದೆಯೆಂದು, ಲೋನಾವಳದ ಮರಿಕೇಂದ್ರದಲ್ಲಿ ಬೆಳೆಸಿದ ಕೃಷ್ಣಾ ಸೀಮೆಯ ಜಾತಿಯನ್ನು ತಂದು ಕಾವೇರಿಯಲ್ಲಿ ಬಿಟ್ಟರು. ಬಿಟ್ಟದ್ದು ಹೆಚ್ಚಿತು, ಅಲ್ಲಿನ ಸ್ವಂತದ್ದಾದ, ಬೆನ್ನುಗೂನಿನ, ಗಾಳಗಾರರ ಕಣ್ಣಿಗೆ ರಾಜನಂತಿದ್ದ ಜಾತಿ ಕುಗ್ಗುತ್ತ ಬಂದು, 2018ರಲ್ಲಿ ಅತ್ಯಂತ ಗಂಡಾಂತರದಲ್ಲಿರುವ ಜೀವಿಗಳ ಕೆಂಪುಪಟ್ಟಿಗೆ ಸೇರಿತು. ಮರಿ ತಂದು ಬಿಡುವುದು ಸುಲಭ, ಛಾಯಾಚಿತ್ರಕ್ಕೂ ಚೆನ್ನ.

2023ರ ಮೇ ತಿಂಗಳಿನಲ್ಲಿ, ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋಗಿದ್ದಾಗ, ವೂಸ್ಟರ್ ಪಟ್ಟಣದ ಬಳಿ ಸೆವೆರ್ನ್ ನದಿಯ ಡಿಗ್ಲಿಸ್ ಎಂಬಲ್ಲಿಗೆ ಅಳಿಯ ನನ್ನನ್ನು ಕರೆದೊಯ್ದರು. ದೋಣಿಗಳ ಸಂಚಾರಕ್ಕೆಂದು 1840ರ ದಶಕದಲ್ಲಿ ಆ ನದಿಗೆ ಅಡ್ಡಗಟ್ಟೆಗಳನ್ನು ಹಾಕಿದಂದಿನಿಂದ, ಹಿಲ್ಸಾದ ದಾಯಾದಿಯಾದ ಷ್ಯಾಡ್ ಎಂಬ ಮೀನು ತನ್ನ ಹಳೆಯ ಹೆರಿಗೆಮನೆಗೆ ಹೋಗಲಾರದೆ ಉಳಿದಿತ್ತಂತೆ. ಈಗ ಅಡ್ಡಗಟ್ಟೆಯ ಪಕ್ಕದಲ್ಲಿ ನೂರು ಮೀಟರಿನಷ್ಟು ಉದ್ದದ, ಮೆಟ್ಟಿಲುಮೆಟ್ಟಿಲಾದ ನೀರಿನ ಓಣಿಯೊಂದನ್ನು ನಿರ್ಮಿಸಿ, ಅದರ ಮಗ್ಗುಲಲ್ಲಿ ನೆಲಮಾಳಿಗೆ ತೋಡಿ, ಗಾಜಿನ ಕಿಟಕಿಯಿಟ್ಟಿದ್ದಾರೆ. ಮಬ್ಬು ಹಸುರಿನ ಆ ನೀರಿನಲ್ಲಿ ಬೆಳ್ಳಿಯ ಮೈಯೊಂದು ಪ್ರವಾಹಕ್ಕೆ ತಲೆಕೊಟ್ಟು, ಸ್ವಲ್ಪ ತಡೆದು, ಮುಂದೆ ಹೋಯಿತು. ಪಕ್ಕದಲ್ಲಿದ್ದ ಇಳಿವಯಸ್ಸಿನ ಸ್ವಯಂಸೇವಕಿಯೊಬ್ಬರು ಪಟ್ಟಿಯಲ್ಲಿ ಗೀಟು ಎಳೆದರು. ನೂರೆಪ್ಪತ್ತು ವರುಷಗಳ ಮೇಲೆ ತೆರೆದ ಬಾಗಿಲಿನಲ್ಲಿ ಕುಳಿತು ಬಂದವರನ್ನು ಎಣಿಸುವ ಆ ಕೆಲಸ ನನಗೆ ದೇವಪೂಜೆಯಂತೆಯೇ ಕಂಡಿತು.

ಆ ದೇಶದ ಬೇರೊಂದು ಗಟ್ಟೆಯ ಬಳಿ ಹಾವುಮೀನಿನ ಏಣಿಯನ್ನೂ ಕಂಡೆ. ಏಣಿಯೆಂದರೆ ಏನೋ ಎಂದುಕೊಂಡಿದ್ದೆ. ಓರೆಯಾದ ಒಂದು ತಗಡಿನ ದೋಣಿಯಲ್ಲಿ ಕಸಬರಿಕೆಯ ಕಡ್ಡಿಗಳಂಥ ಬಿರುಸು ಕೂದಲನ್ನು ಒತ್ತಾಗಿ ನೆಟ್ಟು, ಮೇಲಿನಿಂದ ನೀರು ಜಿನುಗಿಸಿದ್ದರು, ಅಷ್ಟೇ. ಯುರೋಪಿನಲ್ಲಿ ಕರೆಗೆ ಬರುವ ಮರಿಗಳು ಕಳೆದ ನಾಲ್ಕು ದಶಕಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಇಳಿದುಹೋದ ಮೇಲೆ ಅವರಿಗೆ ಬಂದ ಬುದ್ಧಿಯದು. ಮನುಷ್ಯನ ಹಸ್ತಕ್ಷೇಪವಿಲ್ಲದಿದ್ದರೆ ಎಷ್ಟು ಹಾವುಮೀನು ಕಡಲಿಗೆ ಇಳಿಯುತ್ತಿತ್ತೋ ಅದರಲ್ಲಿ ನೂರಕ್ಕೆ ನಲವತ್ತು ಪಾಲಾದರೂ ಇಳಿಯಗೊಡಬೇಕೆಂದು ಐರೋಪ್ಯ ಒಕ್ಕೂಟ 2007ರಲ್ಲಿ ಶಾಸನ ಮಾಡಿದೆ. ನಮ್ಮ ಮಚ್ಚೆಯ ಹಾವುಮೀನು ಇನ್ನೂ ಅಷ್ಟು ಕೆಳಗಿಳಿದಿಲ್ಲ. ಗಂಡಾಂತರದ ಹೊಸ್ತಿಲಲ್ಲಿರುವುದೆಂದು ಪಟ್ಟಿಯಲ್ಲಿ ನಮೂದಾಗಿದೆ. ಹೊಸ್ತಿಲಲ್ಲಿ ನಿಂತವರನ್ನು ಕೈಹಿಡಿದು ತಡೆಯಬಹುದು.

ಬಿರುಸು ಕೂದಲಿಗೆ ನಮ್ಮಲ್ಲಿ ಬರವೇ? ಊರಿಗೆ ಮರಳಿದ ವರುಷ, ಪಂಚಾಯತಿಯವರಿಂದ ಬಾಯಿಮಾತಿನ ಒಪ್ಪಿಗೆ ಪಡೆದು, ತಮ್ಮನ ಮೊಮ್ಮಗನನ್ನು ಜೊತೆಗಿಟ್ಟುಕೊಂಡು, ಹೆಬ್ಬೆರಳಿಗಿಂತ ದಪ್ಪದ ತೆಂಗಿನ ನಾರಿನ ಹಗ್ಗಗಳನ್ನು ಆರು ಎಳೆ, ನಮ್ಮ ಕಿಂಡಿ ಅಣೆಕಟ್ಟಿನ ಕೊನೆಯ ಕಂಬಕ್ಕೆ ಬಿಗಿದು, ದಡದ ಬದಿಯ ನೀರು ಮೆಲ್ಲಗಿರುವಲ್ಲಿ ಕೆಳಗಿನ ಗುಂಡಿಯವರೆಗೆ ಇಳಿಬಿಟ್ಟೆವು. ಬಟ್ಟೆ ಒಗೆಯಲು ಬಂದವರು ನಕ್ಕರು. ಎಂಬತ್ತರ ಹತ್ತಿರದ ಮಾಷ್ಟ್ರು ಹೊಳೆಗೆ ಉಯ್ಯಾಲೆ ಕಟ್ಟಿದ್ದಾರೆಂದು ಸುದ್ದಿಯೂ ಆಯಿತು. ಮೊದಲ ಮಳೆಗಾಲದಲ್ಲಿ ಹಗ್ಗಕ್ಕೆ ಹಾವಸೆ ಹಿಡಿದದ್ದಲ್ಲದೆ ಬೇರೇನೂ ಆಗಲಿಲ್ಲ. ಎರಡನೆಯ ವರುಷ, ಒಂದು ಸಂಜೆ ಮಳೆಯಲ್ಲಿ ಕೊಡೆ ಹಿಡಿದು ನಿಂತಿದ್ದಾಗ, ಹುಡುಗ ಟಾರ್ಚಿನ ಬೆಳಕನ್ನು ಮೂರನೆಯ ಎಳೆಯ ಮೇಲೆ ನಿಲ್ಲಿಸಿ, "ಅಜ್ಜ, ಅದು ನೋಡಿ," ಎಂದ. ನಾರಿನೊಳಗೆ ಅರ್ಧ ಹುದುಗಿ, ಅರ್ಧ ಹೊರಗೆ ಕಾಣುತ್ತ, ಪೆನ್ಸಿಲಿಗಿಂತ ತೆಳ್ಳಗಿನದೊಂದು ಮೆಲ್ಲಮೆಲ್ಲನೆ ಸುತ್ತಿಕೊಂಡು ಏರುತ್ತಿತ್ತು. ನನ್ನ ಕನ್ನಡಕ ಮಳೆಗೆ ಮಂಜಾಗಿತ್ತು. ಒರೆಸಿ ನೋಡುವಷ್ಟರಲ್ಲಿ ಅದು ಕಂಬದ ಮೇಲಂಚು ದಾಟಿತ್ತು.

ಓದುಗರ ಪೈಕಿ ಯಾರ ಊರಿನಲ್ಲಿ ಕಿಂಡಿ ಅಣೆಕಟ್ಟಿದೆಯೋ ಅವರಲ್ಲಿ ನನ್ನದೊಂದು ಬಿನ್ನಹ. ಈ ಸಲ ಹಲಗೆ ಇಳಿಸುವ ದಿನ ಒಮ್ಮೆ ಅಲ್ಲಿಗೆ ಹೋಗಿ, ಕೆಳಬದಿಯ ಕುಸಿತ ಎಷ್ಟು ಅಡಿಯಿದೆಯೆಂದು ಅಳೆದು ನೋಡಿ. ನಾರಿನ ಹಗ್ಗ ಪೇಟೆಯಲ್ಲಿ ಸಿಗುತ್ತದೆ. ಎರಡು ಮಳೆಗಾಲಕ್ಕೆ ಸವೆಯುತ್ತದೆ. ನಮ್ಮದರಲ್ಲಿ ಎರಡು ಎಳೆ ಈಗಾಗಲೇ ಹರಿದಿವೆ, ಜೂನಿನೊಳಗೆ ಬದಲಿಸಬೇಕು.